ಎರಡು ಬಡಿದರೆ ಹೊರಡು

ನನ್ನ ಹೆಂಡತಿ ಇಪ್ಪತ್ತಾರು ವರ್ಷ ಸಿಟಿ ಬಸ್ ಓಡಿಸಿದವಳು. ಅದರಲ್ಲಿ ಹದಿನಾಲ್ಕು ವರ್ಷ ಅವಳ ಬಸ್ಸಿನ ಕಂಡಕ್ಟರ್ ನಾನೇ. ಮದುವೆಗೆ ಮೊದಲು ಎರಡು ವರ್ಷ, ಆಮೇಲೆ ಹನ್ನೆರಡು. ‘ಮನೇಲೂ ಸ್ಟೇರಿಂಗ್ ಅವಳ ಕೈಲೇ ತಾನೇ?’ ಎಂದು ಡಿಪೋದವರು ರೇಗಿಸುತ್ತಿದ್ದರು. ಹೌದು, ಅವಳ ಕೈಲೇ. ನನಗೆ ಸೈಕಲ್ ಬಿಟ್ಟರೆ ಬೇರೆ ಗಾಡಿ ಬರುವುದಿಲ್ಲ, ಇದರಲ್ಲಿ ನಾಚಿಕೊಳ್ಳುವಂಥದ್ದು ಏನಿದೆಯೋ ನನಗೆ ತಿಳಿಯದು. ಇವತ್ತಿಗೂ ಅವಳು ನನ್ನನ್ನು ಕರೆಯುವುದು ‘ಕಂಡಕ್ಟ್ರೇ’ ಎಂದು, ನಾನು ಅವಳನ್ನು ‘ಡ್ರೈವರ್ರೇ’ ಎಂದು.

ನಮ್ಮಿಬ್ಬರ ಬಸ್ಸಿನಲ್ಲಿ ಒಂದು ಪದ್ಧತಿ ಇತ್ತು. ಇಲಾಖೆ ನನಗೆ ಸೀಟಿ ಕೊಟ್ಟಿತ್ತು, ಆದರೆ ಅದರ ಸದ್ದು ಕೇಳಿದರೆ ಅವಳಿಗೆ ತಲೆ ಸಿಡಿಯುತ್ತಿತ್ತು. ಅದಕ್ಕೆ ನಾನು ಜನ ಹತ್ತಿ ಇಳಿದ ಮೇಲೆ ಬಾಗಿಲ ಪಕ್ಕದ ತಗಡಿಗೆ ಅಂಗೈಯಲ್ಲಿ ಬಡಿಯುತ್ತಿದ್ದೆ. ಒಂದು ಬಡಿದರೆ ನಿಲ್ಲು, ಎರಡು ಬಡಿದರೆ ಹೊರಡು. ಎರಡು ಬಿದ್ದವೆಂದರೆ ಮುಗಿಯಿತು, ಅವಳು ಎಡಗಡೆಯ ಕನ್ನಡಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಒಮ್ಮೆ ಕೆಳಗೆ ನಿಂತು ಎರಡು ಬಡಿದು, ಯಾರದೋ ಕೈಯಿಂದ ಬಿದ್ದ ಚೀಲ ಎತ್ತಿಕೊಡಲು ಬಗ್ಗಿದೆ. ತಲೆ ಎತ್ತುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು. ‘ಕಂಡಕ್ಟರ್ ಎಲ್ಲಮ್ಮಾ?’ ಎಂದು ಪ್ರಯಾಣಿಕರು ಕೇಳುವ ಹೊತ್ತಿಗೆ ಎರಡು ಸ್ಟಾಪ್ ಹೋಗಿಯಾಗಿತ್ತು. ಟಿಕೆಟ್ ಚೀಲ ಹಿಡಿದುಕೊಂಡು ಏದುಸಿರು ಬಿಡುತ್ತಾ ಓಡಿ ಬಂದ ನನಗೆ ಅವಳು ಹೇಳಿದ್ದು ಒಂದೇ ಮಾತು. “ಎರಡು ಬಡಿದ್ರಲ್ಲ, ಇನ್ನೇನು ನೋಡ್ಬೇಕಿತ್ತು?”

ಆಮೇಲೆ ಇಲಾಖೆ ಕಂಡಕ್ಟರುಗಳನ್ನು ತೆಗೆದು, ಬಾಗಿಲಿಗೊಂದು ಗುಂಡಿ, ಟಿಕೆಟ್ಟಿಗೊಂದು ಯಂತ್ರ ಕೂರಿಸಿತು. ನನ್ನಂಥ ಸೀನಿಯರ್‌ಗಳಿಗೆ ಮಾತ್ರ ಇನ್ನೊಂದು ವರ್ಷ ಬಸ್ಸಿನಲ್ಲೇ ಇರುವ ಅವಕಾಶ ಇತ್ತು. ನನಗೆ ಮಂಡಿನೋವು. ನಾನು ಆಫೀಸಿನ ಕುರ್ಚಿ ಕೇಳಿ ಬರೆದುಕೊಟ್ಟೆ, ಸಿಕ್ಕಿತು. ಮನೆಯಲ್ಲಿ ಮಾತ್ರ ‘ಹಾಕಿಬಿಟ್ಟರು, ಏನು ಮಾಡೋದು’ ಎಂದೆ. ಅದು ಸುಳ್ಳು.

ನಾನು ಕುರ್ಚಿಯಲ್ಲಿ ಕುಳಿತ ಒಂಬತ್ತನೇ ದಿನ ಒಬ್ಬ ಮುದುಕರು ಬಸ್ ಇಳಿದು, ಮರೆತ ಕೊಡೆ ತೆಗೆದುಕೊಳ್ಳಲು ಮತ್ತೆ ಮೆಟ್ಟಿಲಿಗೆ ಕಾಲಿಟ್ಟರು. ಅವಳು ಕನ್ನಡಿ ನೋಡಿ, ಗುಂಡಿ ಒತ್ತಿ, ಬಸ್ ಎತ್ತಿಯಾಗಿತ್ತು. ಮುದುಕರ ತೊಡೆಯ ಮೂಳೆ ಮುರಿಯಿತು. ವಿಚಾರಣೆಯಲ್ಲಿ ಅವರೇ ಬಂದು ‘ತಪ್ಪು ನಂದು, ಆಯಮ್ಮಂದಲ್ಲ’ ಎಂದರು. ಈಗ ಕೋಲೂರಿ ನಡೆಯುತ್ತಾರೆ, ದಾರಿಯಲ್ಲಿ ಸಿಕ್ಕರೆ ನಗುತ್ತಾರೆ. ಎಲ್ಲರೂ ಅವಳನ್ನು ಬಿಟ್ಟುಬಿಟ್ಟರು, ಅವಳೊಬ್ಬಳು ತನ್ನನ್ನು ಬಿಡಲಿಲ್ಲ. ಪ್ರತಿ ಸ್ಟಾಪಿನಲ್ಲೂ ಕನ್ನಡಿ ಒಮ್ಮೆ ನೋಡುವಳು, ಮತ್ತೊಮ್ಮೆ ನೋಡುವಳು, ಹೊರಡಲಾರಳು. ಬಸ್ಸುಗಳು ಹಿಂದೆ ಸಾಲುಗಟ್ಟಿದವು. ವರ್ಷ ತುಂಬುವ ಮೊದಲೇ ಸ್ವಂತ ಇಚ್ಛೆಯಿಂದ ನಿವೃತ್ತಿ ತೆಗೆದುಕೊಂಡು ಮನೆಗೆ ಬಂದಳು.

ಮನೆಯಲ್ಲಿ ಆರು ತಿಂಗಳು ಸುಮ್ಮನೆ ಗೋಡೆ ನೋಡುತ್ತಾ ಕೂತವಳನ್ನು ಎಬ್ಬಿಸಿದ್ದು ಅವಳ ತಮ್ಮ. ಲೇತ್ ಕೆಲಸದವನು, ಬಾಯಿ ಹರಕ, ಕೈ ಬಂಗಾರ. ನನ್ನ ಮಾವನವರು ಓಡಿಸುತ್ತಿದ್ದ ನಾಲ್ಕು ಬಾಗಿಲಿನ ಹಳೇ ಕಾರು ನಮ್ಮ ಹಿತ್ತಲ ಶೆಡ್ಡಿನಲ್ಲಿ ಹೊದಿಕೆ ಹೊದ್ದು ಮಲಗಿತ್ತು. ಒಂದು ಭಾನುವಾರ ಅವನು ಗುಜರಿಗೆ ಬಂದ ಡೀಸೆಲ್ ವ್ಯಾನಿನಿಂದ ಬಿಚ್ಚಿದ ಟರ್ಬೊ ಒಂದನ್ನು ತಂದು ನಮ್ಮ ಊಟದ ಮೇಜಿನ ಮೇಲೆ ಇಟ್ಟ. “ಅಕ್ಕ, ಇದನ್ನ ಅಪ್ಪನ ಕಾರಿಗೆ ಕೂರಿಸೋಣ್ವಾ?”

ಟರ್ಬೊ ಎಂದರೆ ನೋಡಲು ದೊಡ್ಡ ಬಸವನಹುಳು. ಅದು ಏನು ಮಾಡುತ್ತದೆಂದು ಅವಳೇ ನನಗೆ ತಿಳಿಸಿಕೊಟ್ಟಳು. “ಇಂಜಿನ್ ಹೊರಗೆ ಬಿಸಾಡೋ ಹೊಗೆ ಇದೆಯಲ್ಲ ಕಂಡಕ್ಟ್ರೇ, ಆ ರಭಸಕ್ಕೇ ಒಳಗಿನ ಚಕ್ರ ತಿರುಗುತ್ತೆ. ಅದು ತಿರುಗಿ ಹೊಸ ಗಾಳೀನ ಒತ್ತಿ ಒತ್ತಿ ಇಂಜಿನ್ನಿಗೇ ತುಂಬುತ್ತೆ. ಬಿಟ್ಟ ಉಸಿರಿಂದಾನೇ ಇನ್ನೊಂದು ಉಸಿರು.” ಆರು ತಿಂಗಳಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದು. ಊಟದ ಮೇಜು ಹೋದರೆ ಹೋಗಲಿ ಅಂದುಕೊಂಡೆ.

ಹೋಯಿತು. ಒಂದೂವರೆ ವರ್ಷ ನಾವು ಅಡುಗೆಮನೆಯ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ನಿಂತೇ ಉಂಡೆವು. ಮೇಜಿನ ಮೇಲೆ ಪಿಸ್ಟನ್ನುಗಳು, ಬೋಲ್ಟುಗಳು, ಅಳತೆ ಬರೆದ ಚೀಟಿಗಳು. ಪಿಸ್ಟನ್ನಿನ ಉಂಗುರಗಳ ತುದಿಯನ್ನು ಅವಳು ಸಣ್ಣ ಅರದಿಂದ ಕೂದಲೆಳೆಯಷ್ಟೇ ಉಜ್ಜುವಳು, ಅಳೆಯುವಳು, ಮತ್ತೆ ಉಜ್ಜುವಳು. ತಮ್ಮ ದಪ್ಪ ಪೈಪನ್ನು ಕತ್ತರಿಸಿ ಬೆಸೆದು ಟರ್ಬೊಗೆ ದಾರಿ ಮಾಡಿದ. ಪೆಟ್ರೋಲ್ ಎಷ್ಟು ಬೀಳಬೇಕು, ಕಿಡಿ ಯಾವಾಗ ಹಾರಬೇಕು ಎಂದು ಹೇಳುವ ಕಂಪ್ಯೂಟರ್ ಡಬ್ಬಿಯೊಂದು ಕಾಲಿಡುವ ಜಾಗದಲ್ಲಿ ಬಂದು ಕೂತಿತು. ಅವಳು ಓಡಿಸುವಳು, ಅವನು ಪಕ್ಕದಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಅಂಕಿ ತಿದ್ದುವನು. ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಕಮ್ಮಿಯಾದರೆ ಒಳಗೆ ಬೆಂಕಿ ಕೆಣಕಿದಂತೆ ಎಂದು ಅವಳು ಎಚ್ಚರಿಸಿದ್ದಳು. ತಮ್ಮ ಒಂದು ಮಧ್ಯಾಹ್ನ ‘ಇನ್ನೊಂಚೂರು, ಇನ್ನೊಂಚೂರು’ ಎಂದು ಒತ್ತಡ ಏರಿಸಿದ. ಒಂದು ಪಿಸ್ಟನ್ನಿನ ತಲೆ ಕರಗಿ ತೂತಾಯಿತು. ಈಗ ಅದರಲ್ಲಿ ನನ್ನ ಪೆನ್ನುಗಳಿವೆ.

ಇಷ್ಟೆಲ್ಲಾ ಯಾಕೆ ಎಂದು ಕೇಳಿದರೆ, ಊರಾಚೆ ವಿಮಾನ ಇಳಿಯುವುದು ನಿಂತುಹೋದ ಹಳೇ ರನ್‌ವೇ ಒಂದಿದೆ, ಅಲ್ಲಿ ವರ್ಷಕ್ಕೆ ಮೂರು ಸಲ ಡ್ರ್ಯಾಗ್ ರೇಸ್. ಎರಡು ಕಾರು ಪಕ್ಕಪಕ್ಕ ನಿಲ್ಲುತ್ತವೆ. ಕಂಬದ ಮೇಲೆ ಮೂರು ಹಳದಿ ದೀಪ ಒಂದಾದ ಮೇಲೊಂದು ಹತ್ತಿ, ಹಸಿರು ಬೀಳುತ್ತದೆ. ನಾನೂರು ಮೀಟರ್ ನೇರ ದಾರಿ, ಯಾರು ಮೊದಲು ಮುಟ್ಟಿದರೆ ಅವರು ಗೆದ್ದರು. ಸೋತವರು ಮನೆಗೆ. ಮನೆಯಿಂದ ರಸ್ತೆಯಲ್ಲೇ ಓಡಿಸಿಕೊಂಡು ಬಂದ, ದೀಪ ಕನ್ನಡಿ ಎಲ್ಲಾ ಸರಿಯಿರುವ ಕಾರುಗಳಿಗೆ ಅಲ್ಲಿ ಬೇರೆ ವಿಭಾಗ. ನಮ್ಮದು ಅದರಲ್ಲಿ.

ಮೊದಲ ಸಲ ಸೋತಳು. ‘ಟರ್ಬೊ ನಿಧಾನ ಎದ್ದೇಳ್ತಿದೆ, ಅದಕ್ಕೇ’ ಎಂದು ತಮ್ಮ ಎರಡು ತಿಂಗಳು ಕೂತು ಟರ್ಬೊದ ಒಂದು ಭಾಗವನ್ನೇ ಬದಲಿಸಿ, ಬೇಗ ಎದ್ದೇಳುವ ಹಾಗೆ ಮಾಡಿದ. ಎರಡನೇ ಸಲ ಕಾರು ಇನ್ನೂ ಜೋರಾಗಿ ಓಡಿತು. ಮತ್ತೆ ಸೋತಳು. ಅವನು ಬಾನೆಟ್ ಎತ್ತಿ ತಲೆ ಒಳಗೆ ಹಾಕಿ ಇಂಜಿನ್ನನ್ನು ಬಯ್ಯುತ್ತಿದ್ದಾಗ, ಓಟ ಮುಗಿದ ಮೇಲೆ ಕೊಡುವ ಚೀಟಿಯನ್ನು ನಾನು ಸೀಟಿನ ಮೇಲಿಂದ ಎತ್ತಿಕೊಂಡೆ. ಚೀಟಿ ಓದಿ ಹೊಟ್ಟೆ ಹೊರೆದವನು ನಾನು, ಮೇಲಿನಿಂದ ಓದುತ್ತೇನೆ. ಇಂಜಿನ್ನಿನವರು ಕೆಳಗಿನಿಂದ ಓದುತ್ತಾರೆ. ಕೊನೆಯ ಸಾಲಿನಲ್ಲಿ ವೇಗ, ಅದರ ಮೇಲೆ ಸಮಯ, ಅಷ್ಟು ನೋಡಿ ಜೇಬಿಗೆ ಹಾಕುತ್ತಾರೆ. ಮೊದಲ ಸಾಲು, ಹಸಿರು ಬಿದ್ದ ಮೇಲೆ ಕಾರು ಅಲ್ಲಾಡಲು ತೆಗೆದುಕೊಂಡ ಹೊತ್ತು.

“ಬಾವ, ಅಕ್ಕ ಹನ್ನೆರಡೂವರೆ ಸೆಕೆಂಡಿಗೆ ಓಡಿಸಿದಾಳೆ. ಪಕ್ಕದ ಕಾರಿನವನು ಹದಿಮೂರು. ಹೇಗೆ ಸೋಲ್ತೀವಿ?” ಎಂದ.

“ಹೊರಟ ಮೇಲೆ ಹನ್ನೆರಡೂವರೆ ಕಣಯ್ಯಾ. ಹೊರಡೋಕೇ ಒಂದೂಕಾಲು ಸೆಕೆಂಡ್ ಆಗಿದೆ. ಅವನಿಗೆ ಅರ್ಧ. ಇಂಜಿನ್ ಯಾಕೆ ಬಯ್ತೀಯ?”

ಅವನು ಬಾನೆಟ್ ಇಳಿಸಿದ. ಅವಳು ಕೈಗೆ ಹತ್ತಿದ ಮಸಿ ಒರೆಸಿಕೊಳ್ಳುತ್ತಾ ಬೇರೆ ಕಡೆ ನೋಡಿದಳು. ಕಾರು ನಿಂತಿದ್ದಾಗ ಹಿಂದಿನಿಂದ ನಾನು ಕಂಡಿದ್ದೆ. ಹಸಿರು ಬಿದ್ದಿತ್ತು, ಹೆಲ್ಮೆಟ್ಟು ಎಡಕ್ಕೆ ತಿರುಗಿತ್ತು.

ಮನೆಗೆ ಬಂದು ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ ಕೇಳಿದೆ. ಪಾತ್ರೆ ತೊಳೆಯುವುದನ್ನು ನಿಲ್ಲಿಸದೆಯೇ ಹೇಳಿದಳು. “ಅಲ್ಲಿ ಯಾರೂ ಇಲ್ಲ ಅಂತ ಗೊತ್ತು ರೀ. ಕಾರಿಗೆ ಮೆಟ್ಟಿಲೂ ಇಲ್ಲ. ಆದ್ರೂ ಹೊರಡೋ ಹೊತ್ತಿಗೆ ಆ ಕಾಲು ಕಾಣುತ್ತೆ. ನೋಡದೆ ಆಗಲ್ಲ.” ನಲ್ಲಿ ನಿಲ್ಲಿಸಿದಳು. “ಇನ್ನೊಂದೇ ಸಲ ಹೋಗ್ತೀನಿ. ಆಗ್ಲೂ ಹೀಗೇ ಆದ್ರೆ ಕೀ ತಮ್ಮನಿಗೆ ಕೊಟ್ಬಿಡ್ತೀನಿ. ಆಮೇಲೆ ಯಾವ ಸ್ಟೇರಿಂಗನ್ನೂ ಮುಟ್ಟಲ್ಲ. ಇದು ಕಾರಿನ ವಿಷಯ ಅಲ್ಲ ಅಂತ ನಿಮಗೂ ಗೊತ್ತು.”

ಗೊತ್ತಿತ್ತು. ಕುರ್ಚಿಯ ವಿಷಯ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಹೇಡಿ ನಾನು.

ವರ್ಷದ ಕೊನೆಯ ರೇಸಿಗೆ ಬೆಳಿಗ್ಗೆ ಎಂಟಕ್ಕೇ ಹೋದೆವು. ಎಡಗನ್ನಡಿ ಬಿಚ್ಚಿಡೋಣ ಎಂದು ತಮ್ಮ ಸ್ಕ್ರೂಡ್ರೈವರ್ ತೆಗೆದ. ಕಾರು ಪರೀಕ್ಷಿಸುವವರು ‘ಎರಡೂ ಇರ್ಬೇಕು’ ಎಂದು ಗದರಿದರು. ಹಾಗಾದರೆ ತಿರುಗಿಸಿಡೋಣ ಎಂದು ಕನ್ನಡಿಯ ಮುಖ ನೆಲಕ್ಕೆ ಮಾಡಿದ. ಅಭ್ಯಾಸದ ಓಟದಲ್ಲಿ ಕನ್ನಡಿಯಲ್ಲಿ ಬರೀ ಡಾಂಬರು ಕಾಣುತ್ತಿದ್ದರೂ ಅವಳ ತಲೆ ತಿರುಗಿಯೇ ತಿರುಗಿತು. ಒಂದೂಕಾಲು ಸೆಕೆಂಡ್. ಕಾರಿನಿಂದ ಇಳಿದವಳು ಯಾರ ಮುಖವನ್ನೂ ನೋಡದೆ ಕನ್ನಡಿಯನ್ನು ಮೊದಲಿನಂತೆ ಸರಿ ಮಾಡಿದಳು.

ಕಾರನ್ನು ಗೆರೆಗೆ ನೇರವಾಗಿ ನಿಲ್ಲಿಸಲು ಪ್ರತಿ ಕಾರಿನವರಿಂದ ಒಬ್ಬರನ್ನು ಒಳಗೆ ಬಿಡುತ್ತಾರೆ. ಅದು ಯಾವಾಗಲೂ ತಮ್ಮನ ಕೆಲಸ. ಅವತ್ತು ಅವನ ಕೊರಳಿನ ಪಾಸನ್ನು ನಾನು ತೆಗೆದು ಹಾಕಿಕೊಂಡೆ.

“ಬಾವ, ನಿಮಗೆ ಏನು ಗೊತ್ತು ಅಂತ ಹೋಗ್ತಿದ್ದೀರಿ?”

“ಹದಿನಾಲ್ಕು ವರ್ಷ ಅದನ್ನೇ ಮಾಡಿದೀನಿ, ಸುಮ್ನಿರು.”

ಅವಳು ಮುಂದಿನ ಚಕ್ರಗಳನ್ನು ನಿಂತಲ್ಲೇ ಗಿರಗಿರ ತಿರುಗಿಸಿ ಟೈರು ಬಿಸಿ ಮಾಡಿದಳು. ಹೊಗೆ ಕವಿಯಿತು. ಕೈ ಸನ್ನೆಯಿಂದ ನೇರಕ್ಕೆ ತಂದೆ. ಕಾರು ಗೆರೆಗೆ ಬಂದು ನಿಂತಿತು. ಪಕ್ಕದಲ್ಲಿ ಕೆಂಪು ಕಾರು. ನಾನು ಈಗ ಹಿಂದಕ್ಕೆ ಸರಿಯಬೇಕಿತ್ತು. ಸರಿಯಲಿಲ್ಲ. ಕಾರಿನ ಹಿಂದೆ, ಡಿಕ್ಕಿಯ ಎಡಬದಿಗೆ ಬಂದೆ. ಎಡಗಡೆ ಯಾರೂ ಇಲ್ಲ. ಆದರೂ ನೋಡಿದೆ, ಚೆನ್ನಾಗಿ ನೋಡಿದೆ. ಹಿಂದೆ ನೋಡಿದೆ. ಇಂಜಿನ್ ಏರಿತು. ಮೊದಲ ಹಳದಿ ಹತ್ತಿತು. ಅವಳ ಹೆಲ್ಮೆಟ್ಟು ಎಡಕ್ಕೆ ವಾಲಲು ಶುರುವಾದದ್ದು ಕಂಡಿತು.

ಡಿಕ್ಕಿಯ ತಗಡಿಗೆ ಅಂಗೈಯಿಂದ ಬಡಿದೆ. ಒಂದು. ಎರಡು.

ಹೆಲ್ಮೆಟ್ಟು ಅಲ್ಲೇ ನಿಂತು, ಮುಂದಕ್ಕೆ ತಿರುಗಿತು. ಕಾರು ನನ್ನ ಕೈಯಡಿಯಿಂದ ಕಿತ್ತುಕೊಂಡು ಹೋಯಿತು. ಟರ್ಬೊದ ಸಿಳ್ಳೆ ಕಿವಿಯಲ್ಲಿ ಉಳಿಯಿತು. ನಾನು ಮಂಡಿ ಮರೆತು ಎಗರಿದೆ, ಏನೋ ಕೂಗಿದೆ. ಆಮೇಲೆ ಕಂಬ ನೋಡಿದೆ. ಪಕ್ಕದವನಿಗೆ ಹಸಿರು. ನಮ್ಮ ಕಡೆ ಕೆಂಪು.

ಹಸಿರು ಬೀಳುವ ಮೊದಲೇ ಹೊರಟಿದ್ದಳು. ಹಾಗೆ ಹೊರಟರೆ ಓಟ ಆಗಲೇ ಸೋತಂತೆ. ಅಧಿಕಾರಿ ಬಾವುಟ ಹಿಡಿದು ನನ್ನ ಮೇಲೆ ಕೂಗಾಡಿದ. ನಿಂತ ಕಾರು ಮುಟ್ಟುವುದು ದೊಡ್ಡ ತಪ್ಪಂತೆ, ಮುಂದಿನ ವರ್ಷ ನನ್ನನ್ನು ಗೇಟಿನೊಳಗೇ ಬಿಡುವುದಿಲ್ಲವಂತೆ. ತಲೆ ತಗ್ಗಿಸಿ ಕೇಳಿಸಿಕೊಂಡೆ. ತಮ್ಮ ಬೇಲಿಯಾಚೆ ತಲೆ ಮೇಲೆ ಕೈ ಹೊತ್ತು ನಿಂತಿದ್ದ. ಅವಳ ಕೊನೆಯ ಅವಕಾಶವನ್ನು ನನ್ನ ಕೈಯಾರೆ ಹಾಳು ಮಾಡಿದೆನಲ್ಲ ಎಂದು ನನಗೆ ಅಳು ಬಂತು, ಅತ್ತುಬಿಟ್ಟೆ.

ಅವಳು ನಿಧಾನವಾಗಿ ಕಾರು ತಂದು ನಿಲ್ಲಿಸಿ, ಹೆಲ್ಮೆಟ್ ತೆಗೆದಳು. ಕೂದಲೆಲ್ಲಾ ಬೆವರಿಗೆ ಅಂಟಿತ್ತು. ನಗುತ್ತಿದ್ದಳು. ಹಾಗೆ ಬಾಯಿ ತುಂಬಾ ನಕ್ಕದ್ದನ್ನು ನಾನು ನಾಲ್ಕು ವರ್ಷದಿಂದ ನೋಡಿರಲಿಲ್ಲ.

“ಅಕ್ಕ, ದೀಪ ನೋಡ್ಲಿಲ್ವಾ ನೀನು?” ತಮ್ಮ ಅಳುವ ಧ್ವನಿಯಲ್ಲಿ ಕೇಳಿದ.

“ಇವರು ಎರಡು ಬಡಿದ್ರಲ್ಲ,” ಎಂದಳು. “ಇನ್ನೇನು ನೋಡ್ಬೇಕಿತ್ತು?”

ಓಟದ ಚೀಟಿಯನ್ನು ನನ್ನ ಅಂಗಿಯ ಜೇಬಿಗೆ ತುರುಕಿದಳು. ತಮ್ಮ ಕೀ ಕೊಡುತ್ತಾಳೇನೋ ಎಂದು ಕೈ ಚಾಚಿದ. ಅವನ ಅಂಗೈಗೆ ಮಸಿ ಬಟ್ಟೆ ಇಟ್ಟು, “ಗಾಜು ಒರೆಸು,” ಎಂದಳು.

ಮನೆಗೆ ಹೊರಡುವಾಗ ಅವಳ ಪಕ್ಕದ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡು ಹೇಳಿಯೇಬಿಟ್ಟೆ. “ಆಗ ಆಫೀಸಿಗೆ ಅವರು ಹಾಕಿದ್ದಲ್ಲ. ನಾನೇ ಕೇಳಿ ತಗೊಂಡಿದ್ದು. ನಾನು ಬಸ್ಸಲ್ಲಿ ಇದ್ದಿದ್ರೆ...”

“ಗೊತ್ತು,” ಎಂದಳು. “ನಿಮ್ಮ ಅರ್ಜಿ ಡಿಪೋದ ಮೇಜಿನ ಮೇಲೆ ಮೂರು ದಿನ ಬಿದ್ದಿತ್ತು. ಮಂಡಿನೋವು ಅನ್ನೋದನ್ನೂ ತಪ್ಪಾಗಿ ಬರೆದಿದ್ರಿ.”

“ಗೊತ್ತಿದ್ದೂ ಒಂದು ಮಾತು ಬಯ್ಯಲಿಲ್ಲ?”

“ಬೈದಿದ್ರೆ ಮಂಡಿ ಸರಿಹೋಗ್ತಿತ್ತಾ?” ಇಂಜಿನ್ ಚಾಲೂ ಮಾಡಿದಳು. ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು, ನೇರ ಮುಂದೆ ನೋಡುತ್ತಾ ಕಾದು ಕೂತಳು. ಹಿಂದೆ ನಾಲ್ಕು ಕಾರು ಹಾರನ್ ಹೊಡೆದವು. ಅವಳು ಕದಲಲಿಲ್ಲ.

ಆಗ ನನಗೆ ಅರ್ಥವಾಯಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ಮುಂದೆ ನೋಡಿದೆ. ಯಾರೂ ಇರಲಿಲ್ಲ. ಕೈ ಹೊರಗೆ ಚಾಚಿ ಬಾಗಿಲಿಗೆ ಎರಡು ಬಡಿದೆ.