ಎದುರೂರಿನ ಗೋಲು ಕಾಯ್ದ ಟೇರನ್

ಬೆಳಗಿನ ಆರು ಗಂಟೆ. ಹೊರಗೆ ಮೈನಸ್ ಇಪ್ಪತ್ತೈದು. ಬರ್ಚ್‌ಹಿಲ್ ಊರಿನ ಐಸ್ ಹಾಕಿ ಅಂಗಳದಲ್ಲಿ ಟೇರನ್ ಬೈಲಿಕ್ ಗೋಲಿನ ಮುಂದೆ ನಿಂತು ಸ್ಕೇಟಿನ ಅಲಗಿನಿಂದ ಐಸನ್ನು ಎಡಕ್ಕೂ ಬಲಕ್ಕೂ ಕೆರೆಯುತ್ತಿದ್ದಾನೆ. ನುಣುಪು ಹೋಗದಿದ್ದರೆ ಕಾಲು ನಿಲ್ಲುವುದಿಲ್ಲ. ಆಮೇಲೆ ಗೆಳೆಯರು ಒಬ್ಬರಾದ ಮೇಲೊಬ್ಬರು ಕಲ್ಲಿನಂಥ ರಬ್ಬರ್ ಬಿಲ್ಲೆಯನ್ನು, ಅಂದರೆ ಪಕ್ ಅನ್ನು, ಕೋಲಿನಿಂದ ಅವನತ್ತ ಬಾರಿಸುತ್ತಾರೆ. ತಡೆಯುತ್ತಾನೆ, ಮತ್ತೆ ತಡೆಯುತ್ತಾನೆ, ಒಂದು ನುಸುಳಿದರೆ ತನ್ನನ್ನೇ ಬೈದುಕೊಳ್ಳುತ್ತಾನೆ. ಎಂಟಕ್ಕೆ ಬಿತ್ತನೆಬೀಜ ಶುಚಿ ಮಾಡುವ ಗಿರಣಿಯಲ್ಲಿ ಕೆಲಸ.

ವಯಸ್ಸು ಹತ್ತೊಂಬತ್ತು. ಅಭ್ಯಾಸದಲ್ಲಿ ಅವನನ್ನು ದಾಟಿ ಗೋಲು ಹೊಡೆಯುವುದು ಸುಲಭವಲ್ಲ ಎಂದು ಊರೆಲ್ಲ ಒಪ್ಪುತ್ತದೆ. ಆದರೆ ಪಂದ್ಯದ ದಿನ ಗೋಲಿನಲ್ಲಿ ನಿಲ್ಲುವವನು ಡಸ್ಟಿನ್. ಟೇರನ್ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಬೆಂಚಿನ ತುದಿಯಲ್ಲಿ ಕೂತು, ಅಂಗಳಕ್ಕಿಳಿಯುವ ಆಟಗಾರರಿಗೆ ಬಾಗಿಲು ತೆರೆಯುವುದು ಎರಡನೇ ಗೋಲ್‌ಕೀಪರನ ಕೆಲಸ. ಮೂರು ಚಳಿಗಾಲ ಅದನ್ನೇ ಮಾಡಿದ್ದಾನೆ. ಊರಿನ ಅಂಗಿ ತೊಟ್ಟು ಒಂದು ಪಂದ್ಯದಲ್ಲೂ ಗೋಲು ಕಾಯ್ದಿಲ್ಲ.

"ಬಾಗಿಲು ತೆಗೆಯೋದ್ರಲ್ಲಿ ಈ ಲೀಗಲ್ಲಿ ನನ್ನ ಬಿಟ್ರೆ ಇನ್ನೊಬ್ಬರಿಲ್ಲ" ಎಂದು ನಗುತ್ತಾನೆ.

ಅವನನ್ನು ಸಾಕಿದವರು ಅಜ್ಜಿ ಓಲ್ಗಾ. ಕಾಲಿಗೆ ಕಟ್ಟುವ ದಪ್ಪ ಪ್ಯಾಡುಗಳು ಮಾವ ಬಳಸಿ ಬಿಟ್ಟವು. ಬಿರಿದಲ್ಲೆಲ್ಲ ಅಜ್ಜಿ ಬೂಟಿನ ದಾರದಲ್ಲಿ ಹೊಲಿದಿದ್ದಾರೆ. "ಬಾಗಿಲು ಕಾಯೋನಿಗೆ ಇಷ್ಟೊಂದು ಹೊಲಿಗೆ ಯಾಕೋ ಅಂತೀನಿ. ಆದ್ರೂ ಹೊಲೀತೀನಿ" ಎನ್ನುತ್ತಾರೆ. ಒಂದು ಪಂದ್ಯವನ್ನೂ ಅವರು ತಪ್ಪಿಸಿಲ್ಲ.

ಕಳೆದ ತಿಂಗಳು ನಮ್ಮೂರಲ್ಲೇ ಸೆಮಿಫೈನಲ್. ಎದುರಾಳಿ ಪಕ್ಕದೂರು ರೆಡ್‌ಫರ್ನ್. ಅವರ ಒಬ್ಬ ಗೋಲ್‌ಕೀಪರ್ ಜ್ವರದಿಂದ ಊರಲ್ಲೇ ಉಳಿದಿದ್ದ, ಇನ್ನೊಬ್ಬ ಮೈ ಬಿಸಿ ಮಾಡಿಕೊಳ್ಳುವಾಗಲೇ ಮಂಡಿ ತಿರುಚಿಕೊಂಡ. ಬಂದವರಿಗೆ ಗೋಲ್‌ಕೀಪರ್ ಇಲ್ಲದಿದ್ದರೆ ಕರೆದವರೇ ಒಬ್ಬನನ್ನು ಕೊಡಬೇಕು, ಇದು ನಮ್ಮ ಲೀಗಿನ ರೂಢಿ. ಒಳ್ಳೆಯದನ್ನು ಯಾರು ಕೊಡುತ್ತಾರೆ? ನಮ್ಮ ಕೋಚ್ ಗಾರ್ತ್ ಟೇರನ್‌ನನ್ನು ಕೊಟ್ಟರು. ಅದೇ ದಿನ ಡಸ್ಟಿನ್‌ನ ಆಟ ನೋಡಲು ಸಸ್ಕಟೂನ್ ನಗರದಿಂದ ಒಬ್ಬ ಕಾಲೇಜು ಕೋಚ್ ಬಂದು ಕೂತಿದ್ದರು.

"ನಿಜವಾಗ್ಲೂ ತಡೀಲಾ?" ಎಂದು ಟೇರನ್ ಗಾರ್ತ್ ಅವರನ್ನು ಕೇಳಿದನಂತೆ.

"ಗೋಲಲ್ಲಿ ನಿಂತ್ಮೇಲೆ ತಡೀಬೇಕು. ಬೇಕಂತ ಬಿಟ್ರೆ ನಂಗೆ ಮುಖ ತೋರಿಸ್ಬೇಡ."

ತಡೆದ. ರೆಡ್‌ಫರ್ನ್ ಎರಡು, ಬರ್ಚ್‌ಹಿಲ್ ಒಂದು. ನಮ್ಮ ಊರಿನ ಫೈನಲ್ ಕನಸು ಅಲ್ಲಿಗೆ ಮುಗಿಯಿತು. ಗ್ಯಾಲರಿಯಲ್ಲಿದ್ದ ನನಗೂ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ.

ಮರುದಿನ ಟೇರನ್ ಅಜ್ಜಿಯೊಂದಿಗೆ ಕಾಫಿ ಅಂಗಡಿಗೆ ಹೋದಾಗ ಅಲ್ಲಿದ್ದ ಒಬ್ಬ ಹಿರಿಯರು, "ಬಂದ್ರು ನೋಡಿ, ಉಂಡ ಮನೆಗೆ ಎರಡು ಬಗೆದ ಸಾಹೇಬ್ರು" ಎಂದರು. ಟೇರನ್ ತಲೆ ತಗ್ಗಿಸಿದ. ಓಲ್ಗಾ ತಗ್ಗಿಸಲಿಲ್ಲ. "ನಿಮ್ಮ ಹುಡುಗರಿಗೆ ಹೊಡೆಯೋಕೆ ಬರಲ್ಲ ಅಂದ್ರೆ ನನ್ನ ಮೊಮ್ಮಗ ಏನ್ ಮಾಡ್ತಾನಪ್ಪಾ?"

ಗಾರ್ತ್ ವಾರವಿಡೀ ಅವನ ಮೇಲೆ ಮುನಿಸಿಕೊಂಡಿದ್ದರು. ಈಗ ಕೇಳಿದರೆ ಗಡ್ಡ ಕೆರೆದುಕೊಳ್ಳುತ್ತಾರೆ. "ತಡಿ ಅಂದಿದ್ದೆ, ನಿಜ. ಅಷ್ಟೊಂದು ಅಂದಿರ್ಲಿಲ್ಲ."

ಕಾಲೇಜು ಕೋಚ್ ಶರತ್ಕಾಲದ ಆಯ್ಕೆಗೆ ಕರೆದಿರುವುದು ಟೇರನ್‌ನನ್ನು. ಊರಿನ ಪಂದ್ಯಗಳು ಮುಗಿದಿದ್ದರೂ ಬೆಳಗಿನ ಅಭ್ಯಾಸ ಅದಕ್ಕಾಗಿಯೇ ನಡೆದಿದೆ. ಬಾರಿಸುವವರೆಲ್ಲ ಅವನಿಂದ ಸೋತ ಹುಡುಗರೇ, ಡಸ್ಟಿನ್ ಕೂಡ. ಯಾರೂ ಮೆಲ್ಲಗೆ ಹೊಡೆಯುವುದಿಲ್ಲ.

ಆಯ್ಕೆಯಾದರೆ ಕಾಲೇಜಿಗೆ ಹೋಗಬೇಕು, ನಮ್ಮೂರ ತಂಡಕ್ಕೆ ಆಡುವ ಪ್ರಶ್ನೆಯೇ ಇಲ್ಲ. ಇನ್ನೇನಾದರೂ ಆಸೆ ಉಂಟೇ ಎಂದು ಕೇಳುತ್ತೇನೆ. ಟೇರನ್ ಮುಖವಾಡ ತೆಗೆದು ಖಾಲಿ ಗ್ಯಾಲರಿಯತ್ತ ನೋಡುತ್ತಾನೆ.

"ಆವತ್ತು ಒಂದೊಂದ್ ಪಕ್ ಹಿಡಿದಾಗ್ಲೂ ಇಡೀ ಊರು 'ಛೇ' ಅಂತಿತ್ತು. ನಮ್ಮಜ್ಜಿ ಒಬ್ಬಳೇ ಚಪ್ಪಾಳೆ ಹೊಡೀತಿದ್ಳು. ನಮ್ಮೂರವ್ರೆಲ್ಲ ನಂಗೋಸ್ಕರ ಕೂಗಿದ್ರೆ ಹೇಗೆ ಕೇಳ್ಸುತ್ತೆ ಅಂತ ಒಂದ್ಸಲ ಇಲ್ಲೇ ನಿಂತು ಕೇಳ್ಬೇಕು."