ಮೊದಲ ಮೂರು ಸೆಕೆಂಡು

ಅಕ್ಕ ಕೆಲಸ ಮಾಡುತ್ತಿದ್ದುದು ಮದುವೆಯ ವಿಡಿಯೊಗಳನ್ನು ಕತ್ತರಿಸಿ ಜೋಡಿಸುವ ಒಂದು ಸ್ಟುಡಿಯೊದಲ್ಲಿ. ಕಿಟಕಿಯಿಲ್ಲದ ಕೋಣೆ, ಎರಡು ಕಂಪ್ಯೂಟರು, ಸದಾ ಗೊಣಗುವ ಒಂದು ಫ್ಯಾನು. ಆಕಳಿಸುವ ಮಾವಂದಿರನ್ನೂ ಮುಖ ಸಿಂಡರಿಸಿಕೊಂಡ ಅತ್ತೆಯರನ್ನೂ ಕಿತ್ತುಹಾಕಿ, ಇಡೀ ದಿನದ ರಂಪವನ್ನು ನಗುನಗುವ ಒಂದು ಗಂಟೆಯಾಗಿ ಮಾಡಿಕೊಡುವುದು ಅವಳ ಕಸುಬು. ಎಲ್ಲಿ ಕತ್ತರಿ ಆಡಿಸಬೇಕೆಂದು ಅವಳ ಬೆರಳಿಗೇ ಗೊತ್ತಿತ್ತು. ಹಾಗಾಗಿ ಅವಳ ತಮ್ಮ ತನ್ನ ಮೂವರು ಗೆಳೆಯರನ್ನು ಸೇರಿಸಿಕೊಂಡು ಬ್ಯಾಂಡು ಕಟ್ಟಿದಾಗ, ಅದರ ಆನ್‌ಲೈನ್ ಪೇಜು ನೋಡಿಕೊಳ್ಳುವ ಹೊಣೆ ಯಾರೂ ಹೇಳದೆಯೇ ಅವಳ ಹೆಗಲಿಗೆ ಬಂತು.

ತಮ್ಮ ಡ್ರಮ್ ಬಾರಿಸುತ್ತಿದ್ದ. ಹಗಲೆಲ್ಲ ಗ್ಯಾರೇಜಿನಲ್ಲಿ ಕಾರುಗಳ ನೆಗ್ಗು ತೆಗೆಯುವ ಕೆಲಸ. ಆಳು ಬಾಗಿಲಷ್ಟು ಅಗಲ, ಮಾತು ಮಾತ್ರ ಹಿಡಿಯಷ್ಟು. ಮನೆಯಲ್ಲಿ ಜಿರಳೆ ಕಂಡರೂ ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟು ಬರುವ ಜಾತಿ. ಇಬ್ಬರೂ ಅಪ್ಪನ ಬೆಲ್ಟಿನ ಏಟು ತಿಂದೇ ಬೆಳೆದವರು. ಅಕ್ಕನ ಪಾಲಿಗೆ ಬರಬೇಕಾದದ್ದನ್ನೂ ಎಷ್ಟೋ ಸಲ ಅವನೇ ಬೆನ್ನೊಡ್ಡಿ ತಿಂದಿದ್ದ. ಅಪ್ಪ ಸತ್ತ ಮೇಲೆ ಆ ಬೆಲ್ಟನ್ನು ಅಮ್ಮ ಒಲೆಗೆ ಹಾಕಿದಳು. ಅಂದಿನಿಂದ ಆ ಮನೆಯಲ್ಲಿ ಯಾರೂ ಯಾರ ಮೇಲೂ ಕೈ ಎತ್ತಿರಲಿಲ್ಲ.

ಮೊದಮೊದಲು ಪೇಜು ಆಮೆಯ ಹಾಗೆ ತೆವಳುತ್ತಿತ್ತು. ಗ್ಯಾರೇಜಿನ ಷಟರ್ ಎಳೆದುಕೊಂಡು ಹುಡುಗರು ಅಭ್ಯಾಸ ಮಾಡುವಾಗ ಅವಳು ಫೋನಿನಲ್ಲಿ ಹಿಡಿಯುತ್ತಿದ್ದಳು. ಇಡೀ ಹಾಡು ಹಾಕುತ್ತಿರಲಿಲ್ಲ, ಕಿವಿಗೆ ಅಂಟುವ ಒಂದು ಸಾಲು ಮಾತ್ರ. ದೂರದಿಂದ ನಾಲ್ವರನ್ನು ತೋರಿಸುವ ಬದಲು ತಮ್ಮನ ಗ್ರೀಸು ಮೆತ್ತಿದ ಕೈಯನ್ನೋ ಹಾಡುಗಾರನ ಉಬ್ಬಿದ ಗಂಟಲನ್ನೋ ಹತ್ತಿರದಿಂದ ತೋರಿಸುತ್ತಿದ್ದಳು. ಕಾಮೆಂಟು ಹಾಕಿದ ಒಬ್ಬೊಬ್ಬರಿಗೂ ಹೆಸರು ಹಿಡಿದು ಉತ್ತರ ಬರೆಯುತ್ತಿದ್ದಳು. "ಮೂರು ಸೆಕೆಂಡಲ್ಲಿ ಹಿಡ್ಕೋಬೇಕು, ಇಲ್ಲಾಂದ್ರೆ ಹೆಬ್ಬೆರಳು ಮುಂದಕ್ಕೆ ಹೋಗ್ಬಿಡುತ್ತೆ" ಎಂದು ಹುಡುಗರಿಗೆ ಪಾಠ ಹೇಳುತ್ತಿದ್ದಳು. ಉದ್ದ ಕತ್ತಿನಿಂದಾಗಿ ಕೊಕ್ಕರೆ ಅನ್ನಿಸಿಕೊಂಡಿದ್ದ ಹಾಡುಗಾರ ಮಾತ್ರ ದಿನಾ ನೋಡಿದವರ ಸಂಖ್ಯೆ ಕಂಡು ಮುಖ ಇಳಿಬಿಡುತ್ತಿದ್ದ.

ಬಸ್ ಡಿಪೊದ ಹಿಂದಿನ ಸಭಾಂಗಣದಲ್ಲಿ ಒಂದು ಸಂಜೆ ಬ್ಯಾಂಡು ಹಾಡುತ್ತಿದ್ದಾಗ ಅದು ನಡೆಯಿತು. ಕುಡಿದು ಬಂದಿದ್ದ ಒಬ್ಬ ಕತ್ತಲಿನಿಂದ ಬಾಟಲಿ ಬೀಸಿದ. ಅದು ಕೊಕ್ಕರೆಯ ಹುಬ್ಬಿಗೆ ಬಡಿದು ಒಡೆಯಿತು. ಆತ ಅಲ್ಲಿಗೇ ನಿಲ್ಲದೆ ವೇದಿಕೆ ಹತ್ತಿ, ಕುಸಿದು ಕೂತವನ ಹೊಟ್ಟೆಗೆ ಒದ್ದ. ಡ್ರಮ್ಮುಗಳ ಮೇಲಿಂದಲೇ ಹಾರಿ ತಮ್ಮ ಅವನನ್ನು ಕೆಡವಿದ. ಒಂದು ಏಟಿಗೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಎದೆಯ ಮೇಲೆ ಕೂತು, ನೆಗ್ಗು ತೆಗೆಯುವ ಅದೇ ಲಯದಲ್ಲಿ ಗುದ್ದುತ್ತಾ ಹೋದ. ಕೆಳಗಿನವನ ದವಡೆ ಲಟಕ್ಕೆಂದದ್ದು ಅಕ್ಕನಿಗೂ ಕೇಳಿಸಿತು. ಅವಳ ಕೈಯಲ್ಲಿ ಫೋನು ಓಡುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ಸ್ಟುಡಿಯೊದಲ್ಲಿ ಕೂತು ಅದನ್ನು ನೋಡಿದಳು. ಬಾಟಲಿ ಬಂದದ್ದು ಮಬ್ಬಾಗಿತ್ತು, ಒದ್ದದ್ದು ಅರೆಬರೆ ಕಾಣುತ್ತಿತ್ತು. ತಮ್ಮ ಹಾರಿದ್ದು ಮಾತ್ರ ಕನ್ನಡಿಯಷ್ಟು ಸ್ಪಷ್ಟ. ಅವಳ ಬೆರಳು ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಪೇಜಿಗೆ ಹಾಕಿದ ವಿಡಿಯೊ ಹಾರುವಲ್ಲಿಂದಲೇ ಶುರುವಾಯಿತು.

ಮಧ್ಯಾಹ್ನದ ಹೊತ್ತಿಗೆ ಫೋನು ಬಿಸಿಯಾಗುವಷ್ಟು ಜನ ನೋಡಿದ್ದರು. ತಮ್ಮನನ್ನು ಯಾರೋ 'ಗೂಳಿ' ಎಂದು ಕರೆದರು, ಹೆಸರು ಅಂಟಿಕೊಂಡಿತು. ಊಟದ ಬಿಡುವಿನಲ್ಲಿ ತಮ್ಮ ಅದನ್ನು ನೋಡಿ ಫೋನು ಮಾಡಿದ.

"ಅಕ್ಕಾ, ಬಾಟ್ಲಿ ಎಲ್ಲಿ ಹೋಯ್ತು?"

"ಉದ್ದ ಆಗ್ತಿತ್ತು ಕಣೋ."

ಸಂಜೆ ಪೊಲೀಸರು ಅದೇ ವಿಡಿಯೊ ಹಿಡಿದುಕೊಂಡು ಗ್ಯಾರೇಜಿಗೆ ಬಂದು ಅವನನ್ನು ಎತ್ತಿಕೊಂಡು ಹೋದರು. ಅಕ್ಕ ಠಾಣೆಗೆ ಓಡಿ, ಕತ್ತರಿಸದ ವಿಡಿಯೊ ತೋರಿಸಿ, ಕೈಕಾಲು ಹಿಡಿದು ಬಿಡಿಸಿಕೊಂಡು ಬಂದಳು. ಠಾಣೆಯಲ್ಲಿ ತೋರಿಸಿದ್ದನ್ನು ಪೇಜಿಗೆ ಮಾತ್ರ ಹಾಕಲಿಲ್ಲ. ನಾಳೆ ಹಾಕಿದರಾಯಿತು ಅಂದುಕೊಂಡಳು. ಅಷ್ಟರಲ್ಲಿ ಮೂರು ಊರುಗಳಿಂದ ಕಾರ್ಯಕ್ರಮಕ್ಕೆ ಕರೆ ಬಂದಿತ್ತು.

ಆಮೇಲೆ ಜನ ಹಾಡು ಕೇಳಲು ಬರಲಿಲ್ಲ. ಗೂಳಿಯನ್ನು ಕೆಣಕಲು ಬಂದರು. ಮುಂದಿನ ಸಾಲಿನಲ್ಲಿ ಫೋನು ಎತ್ತಿ ಹಿಡಿದು ಅಮ್ಮನ ಮೇಲೆ ಬೈದರು, ಉಗಿದರು, ನಾಣ್ಯ ಎಸೆದರು. ಒಬ್ಬ ಸಿಗರೇಟಿನ ಬೆಂಕಿಯನ್ನು ಅವನ ಕತ್ತಿಗೆ ಒತ್ತಿ ನಗುತ್ತಾ ನಿಂತ. ತಮ್ಮ ಅವನ ಮೂಗು ಮುರಿದ. ಅದನ್ನೂ ಲಕ್ಷಾಂತರ ಜನ ನೋಡಿದರು. ಕೊಕ್ಕರೆ ಹುಬ್ಬಿನ ಹೊಲಿಗೆ ಸವರಿಕೊಳ್ಳುತ್ತಾ, "ಅಕ್ಕಾ, ಇದೇ ನಮ್ ದಾರಿ. ಹಾಡು ಎಲ್ರೂ ಹಾಡ್ತಾರೆ, ಇದು ಯಾರ ಹತ್ರ ಇದೆ?" ಅಂದ. ಅಕ್ಕ ತಲೆಯಾಡಿಸಿದಳು. ಪೇಜು ಓಡುತ್ತಿತ್ತು, ಅವಳಿಗೂ ಅದರ ನಶೆ ಏರಿತ್ತು.

ನಶೆ ಇಳಿದದ್ದು ಒಂದು ಭಾನುವಾರ. ಅಭ್ಯಾಸದಲ್ಲಿ ಗಿಟಾರಿನವನು ಒಂದೇ ಜಾಗದಲ್ಲಿ ಎರಡು ಸಲ ತಾಳ ತಪ್ಪಿದ. ತಮ್ಮ ಎದ್ದು ಬಂದು ಅವನ ಕಪಾಳಕ್ಕೆ ಬಾರಿಸಿದ. ಗಿಟಾರಿನವನು ಎಣ್ಣೆ ಡಬ್ಬಗಳ ಮೇಲೆ ಬಿದ್ದ. ಆ ಗಳಿಗೆಯಲ್ಲಿ ತಮ್ಮನ ಮುಖದಲ್ಲಿ ಅಕ್ಕನಿಗೆ ಅಪ್ಪ ಕಂಡ. ಅದೇ ಬಿಗಿದ ದವಡೆ, ಹೊಡೆದ ಮೇಲೆ ಬರುವ ಅದೇ ಸಮಾಧಾನ.

"ಸಾಕು ಕಣೋ, ಎಲ್ಲಾ ತೆಗೆದುಬಿಡ್ತೀನಿ" ಅಂದಳು.

"ತೆಗೆದ್ರೆ ನಿಂತುಹೋಗುತ್ತಾ?" ಅಂದ ತಮ್ಮ, ತನ್ನ ಅಂಗೈಯನ್ನೇ ನೋಡುತ್ತಾ.

ದೊಡ್ಡ ಮೈದಾನದ ಕಾರ್ಯಕ್ರಮ ಒಂದು ಮುಗಿಯಲಿ ಎಂದು ಕೊಕ್ಕರೆ ಗೋಗರೆದ. ಅಕ್ಕ ಏನನ್ನೂ ತೆಗೆಯಲಿಲ್ಲ. ಮೈದಾನದ ದಿನ ಬರಲೇ ಇಲ್ಲ.

ಒಂದು ಮಧ್ಯಾಹ್ನ ಅವಳು ತಮ್ಮನಿಗೆ ಊಟದ ಕ್ಯಾರಿಯರ್ ತಂದಿದ್ದಳು. ನೆಗ್ಗಿದ ಕಾರೊಂದರಲ್ಲಿ ಮೂವರು ಗ್ಯಾರೇಜಿಗೆ ಬಂದಿಳಿದರು. ಒಬ್ಬನ ಕೈಯಲ್ಲಿ ಫೋನು, ಉಳಿದಿಬ್ಬರ ಕೈಯಲ್ಲಿ ಕಬ್ಬಿಣದ ಸರಳು.

"ಏ ಗೂಳೀ, ಬಾರೋ ನೋಡೋಣ!"

ತಮ್ಮನ ಕೈಯಲ್ಲಿ ಸುತ್ತಿಗೆ ಇತ್ತು. ಅವನು ಅದನ್ನು ಒಮ್ಮೆ ನೋಡಿ, ದೂರ ಕಾರಿನಡಿಗೆ ಎಸೆದುಬಿಟ್ಟ. "ಹೋಗ್ರಪ್ಪಾ, ನಂಗೆ ಕೆಲ್ಸ ಇದೆ" ಅಂದ. ಮೊದಲ ಸರಳು ಅವನ ಬಲ ಮಣಿಕಟ್ಟಿನ ಮೇಲೇ ಬಿತ್ತು. ಎರಡನೆಯದು ಮೊಣಕಾಲಿಗೆ. ಅವನು ಕುಸಿದ ಮೇಲೂ ಮಣಿಕಟ್ಟನ್ನು ಬೂಟಿನಡಿ ಹಾಕಿ ತಿಕ್ಕಿದರು. ಫೋನಿನವನು ಬಗ್ಗಿ ಬಗ್ಗಿ, ಮುಖ ಸರಿಯಾಗಿ ಬರುವ ಹಾಗೆ ಹಿಡಿಯುತ್ತಿದ್ದ.

ಅಕ್ಕ ಕ್ಯಾರಿಯರನ್ನೇ ಬೀಸಿದಳು. ಬಿಸಿ ಸಾರು ಸರಳಿನವನೊಬ್ಬನ ಕಣ್ಣಿಗೆ ಸಿಡಿಯಿತು. ಅವನು ಕೈಬಿಟ್ಟ ಸರಳನ್ನು ಎತ್ತಿಕೊಂಡು ಇನ್ನೊಬ್ಬನ ಭುಜಕ್ಕೆ, ಬೆನ್ನಿಗೆ, ಕೈಗೆ ಸಿಕ್ಕಿದಲ್ಲಿಗೆ ಹೊಡೆದಳು. ಕಿವಿಗೆ ಬೀಳುತ್ತಿದ್ದ ಕೂಗು ತನ್ನದೇ ಎಂದು ಅವಳಿಗೆ ತಿಳಿಯಲಿಲ್ಲ. ಒಳಗಿದ್ದ ಕೆಲಸಗಾರರು ಓಡಿ ಬಂದರು. ಇಬ್ಬರು ತಪ್ಪಿಸಿಕೊಂಡರು. ಫೋನಿನವನು ಸಿಕ್ಕಿಬಿದ್ದ. ಅವನನ್ನು ಟೈರುಗಳ ಮೇಲೆ ಕೆಡವಿ, ತುಟಿ ಹರಿಯುವ ತನಕ ಬಡಿದು ಪೊಲೀಸರಿಗೆ ಕೊಟ್ಟರು.

ಆಸ್ಪತ್ರೆಯಲ್ಲಿ ಇಬ್ಬರಿಗೂ ಒಂದೇ ಬೆಂಚು. ಒಂದು ತುದಿಯಲ್ಲಿ ಪ್ಲಾಸ್ಟರು ಒಣಗಿಸಿಕೊಳ್ಳುತ್ತಾ ತಮ್ಮ, ಇನ್ನೊಂದು ತುದಿಯಲ್ಲಿ ಕಾನ್‌ಸ್ಟೇಬಲ್ ಪಕ್ಕ ತುಟಿಗೆ ಹೊಲಿಗೆ ಹಾಕಿಸಿಕೊಂಡ ಆ ಫೋನಿನ ಯುವಕ. ಯಾವುದೋ ಗೋದಾಮಿನಲ್ಲಿ ಮೂಟೆ ಎತ್ತುವವನಂತೆ. ಪೇಜಿನಲ್ಲಿ ತಾನು 'ಗೂಳಿಭಕ್ತ' ಎಂದು ಅವನೇ ಹೇಳಿದ. ಆ ಹೆಸರಿಗೆ ಅವಳು ದಿನಾ ಉತ್ತರ ಬರೆದಿದ್ದಳು, ಕೆಂಪು ಹೃದಯ ಒತ್ತಿದ್ದಳು.

"ನಿಮ್ ಜೊತೆ ವಿಡಿಯೊದಲ್ಲಿ ಬರ್ಬೇಕು ಅಂತ ಆಸೆ ಅಣ್ಣ. ನೀವೂ ಹೊಡೀತೀರಾ ಅಂದ್ಕೊಂಡಿದ್ವಿ" ಅಂದ ಅವನು, ಮುನಿಸಿಕೊಂಡವನ ಹಾಗೆ.

ತಮ್ಮ ಅವನ ಕಡೆ ತಿರುಗಿದ. "ನಮ್ ಯಾವ ಹಾಡು ಇಷ್ಟ ನಿಂಗೆ?"

ಯುವಕ ಕಾನ್‌ಸ್ಟೇಬಲ್ ಮುಖ ನೋಡಿದ. ಆಮೇಲೆ ನೆಲ ನೋಡಿದ. "ಗೋದಾಮಲ್ಲಿ ಸೌಂಡ್ ಹಾಕಂಗಿಲ್ಲ ಅಣ್ಣ. ನಾನು ಹಂಗೇ ನೋಡೋದು."

ತಮ್ಮ ನಕ್ಕ. ನಗು ಮೈಯೆಲ್ಲ ಅಲುಗಾಡಿಸಿತು, ನೋವಿಗೆ ಅವನು ಪ್ಲಾಸ್ಟರನ್ನು ಎದೆಗೆ ಒತ್ತಿಕೊಂಡ. ಅಕ್ಕ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತಳು.

ಸಂಜೆ ಕೊಕ್ಕರೆ ಓಡಿ ಬಂದ. ಗೆಳೆಯನ ಕೈ ಸವರಿದ, ಕಣ್ಣಲ್ಲಿ ನೀರೂ ಬಂತು. ಆಮೇಲೆ ಅಕ್ಕನನ್ನು ಪಕ್ಕಕ್ಕೆ ಕರೆದು, "ಪ್ಲಾಸ್ಟರ್ ಜೊತೆ ಒಂದ್ ಫೋಟೊ ಹಾಕ್ಬಿಡಕ್ಕಾ, ಬೆಂಕಿ ಹತ್ಕೊಳ್ಳುತ್ತೆ" ಅಂದ. ಅವಳು ಕೆನ್ನೆಗೆ ಕೊಟ್ಟ ಏಟಿಗೆ ನರ್ಸು ತಿರುಗಿ ನೋಡಿದಳು.

ಅಲ್ಲಿಯೇ ಮೆಟ್ಟಿಲ ಮೇಲೆ ಕೂತು, ಹೊಡೆದಾಟದ ವಿಡಿಯೊಗಳನ್ನೆಲ್ಲ ಒಂದೊಂದಾಗಿ ಅಳಿಸಿದಳು. ಬೇರೆಯವರು ಎತ್ತಿಟ್ಟುಕೊಂಡದ್ದು ಅವಳ ಕೈಯಲ್ಲಿರಲಿಲ್ಲ, ಅವು ಇಂದಿಗೂ ಎಲ್ಲೆಲ್ಲೋ ಓಡುತ್ತಿವೆ. ಕೊಕ್ಕರೆ ಮುನಿಸಿಕೊಂಡು ಬ್ಯಾಂಡಿನ ಹೆಸರು, ಪೇಜು ಎರಡನ್ನೂ ಕೇಳಿ ಪಡೆದ. ಅವಳು ಪಾಸ್‌ವರ್ಡ್ ಬರೆದುಕೊಟ್ಟಳು. ಅವನು ಹೊಸ ಡ್ರಮ್ಮಿನವನನ್ನು ಹುಡುಕಿಕೊಂಡ.

ತಮ್ಮನ ಮಣಿಕಟ್ಟು ಪೂರ್ತಿ ತಿರುಗಲಿಲ್ಲ. ಕೈ ಒಂದು ಕಡೆಗೆ ವಾಲಿಯೇ ಉಳಿಯಿತು. ಗ್ಯಾರೇಜಿನಲ್ಲಿ ಸಣ್ಣ ನೆಗ್ಗುಗಳನ್ನಷ್ಟೇ ತೆಗೆಯುತ್ತಾನೆ. ಗಿಟಾರಿನವನ ಮನೆಗೆ ಹೋಗಿ, ಹೊಸ್ತಿಲಲ್ಲೇ ನಿಂತು ಕ್ಷಮೆ ಕೇಳಿ ಬಂದ. ಅವನು ಒಳಗೆ ಕರೆಯಲು ಒಂದು ತಿಂಗಳು ಹಿಡಿಯಿತು. ಈಗ ಇಬ್ಬರೂ ಕೂತು, ಎಡಗೈಯಿಂದ ಬಾರಿಸಲು ಆಗುವಂಥ ನಿಧಾನದ ಹಾಡುಗಳನ್ನು ಕಟ್ಟುತ್ತಾರೆ. ಮೊದಲ ಹಾಡು ಮುಗಿದ ದಿನ ಅಕ್ಕ ಅದನ್ನು ಹೊಸದೊಂದು ಪೇಜಿಗೆಂದು ಫೋನಿನಲ್ಲಿ ಹಿಡಿದಳು.

"ಎಲ್ಲಿಂದ ಹಾಕ್ಲೋ?"

"ಶುರುವಿಂದ" ಅಂದ ತಮ್ಮ. "ನಾನು ಕೆಮ್ಮಿದ್ದೂ ಇರ್ಲಿ."