ಅರ್ಧ ಅಂದ್ರೆ ಖಾಲಿ

ಮೇಸ್ತ್ರಿಯ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಮೂವತ್ತು ವರ್ಷ ಬ್ಯಾಟರಿಯ ಆಸಿಡ್ಡಿನಲ್ಲಿ ಆಡಿದ ಬೆರಳು ಅದು. ತುದಿ ಹುಣಸೆಬೀಜದ ಹಾಗೆ ನುಣ್ಣಗೆ, ಕಂದಾಗಿ ಹೊಳೆಯುತ್ತಿತ್ತು. ರೇಷನ್ ಅಂಗಡಿಯಲ್ಲಿ ಬೆರಳೊತ್ತುವ ಯಂತ್ರ ಅವರನ್ನು ಮನುಷ್ಯನೆಂದು ಒಪ್ಪುತ್ತಿರಲಿಲ್ಲ. ಪ್ರತಿ ತಿಂಗಳೂ ಅವರ ಹೆಂಡತಿಯೇ ಬಂದು ತಮ್ಮ ಬೆರಳು ಒತ್ತಬೇಕಿತ್ತು. ಆಗಲೂ ಮೇಸ್ತ್ರಿ ಪಕ್ಕದಲ್ಲಿ ನಿಂತು, "ಸರಿಯಾಗಿ ಒತ್ತು, ರೊಟ್ಟಿ ತಟ್ಟಾಕ ಬಂದೀಯೇನು?" ಎಂದು ಸಾಲಿನಲ್ಲಿದ್ದವರೆಲ್ಲ ಕೇಳುವಂತೆ ಗದರುತ್ತಿದ್ದರು.

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ರಸ್ತೆಯಲ್ಲಿ ಅವರ ಬ್ಯಾಟರಿ ಅಂಗಡಿ. ಬೈಸಿಕೊಳ್ಳದೆ ಅಲ್ಲಿಂದ ಹೊರಬಿದ್ದವರನ್ನು ನಾನು ಕಂಡಿಲ್ಲ. ಕುಪ್ಪಗಡ್ಡೆಯ ರೈತರೊಬ್ಬರು ಒಮ್ಮೆ ಟ್ರ್ಯಾಕ್ಟರಿನ ಬ್ಯಾಟರಿ ಹೊತ್ತು ತಂದು, "ಇದು ಯಾಕೋ ಸತ್ತೋಯ್ತು ಮೇಸ್ತ್ರಿ" ಎಂದರು. ಮುಚ್ಚಳ ಬಿಚ್ಚಿ ಒಳಗೆ ನೋಡಿದ ಮೇಸ್ತ್ರಿ, "ಸತ್ತಿಲ್ಲ, ನೀನು ಕೊಂದೀಯ. ಇದಕ್ಕೆ ನೀರು ಹಾಕಿ ಎಷ್ಟು ದಿನ ಆತು? ನಿಮ್ಮ ಮನ್ಯಾಗ ದನಕ್ಕಾದ್ರೂ ನೀರು ಕುಡಿಸ್ತೀರೋ ಇಲ್ಲೋ?" ಎಂದರು. ಆ ರೈತರು ಬೈಸಿಕೊಂಡರೂ ಮುಂದಿನ ಬ್ಯಾಟರಿಯನ್ನೂ ಅಲ್ಲಿಗೇ ತಂದರು. ಏಕೆಂದರೆ ಮೇಸ್ತ್ರಿ ಹೇಳಿದ್ದು ತಪ್ಪುತ್ತಿರಲಿಲ್ಲ.

ನನಗಾಗ ಮೂವತ್ತೊಂದು ವರ್ಷ. ಗಂಡನ ಮನೆ ಬಿಟ್ಟು ಈಸೂರಿನ ನನ್ನವ್ವನ ಹತ್ತಿರ ಬಂದು ಎರಡು ವರ್ಷವಾಗಿತ್ತು. ಮದುವೆಗೆ ಮುಂಚೆ ಐಟಿಐಯಲ್ಲಿ ಎಲೆಕ್ಟ್ರಿಕಲ್ ಕಲಿತಿದ್ದೆ. ಶಿಕಾರಿಪುರದ ಹೊರಗಿನ ಜಲಾಶಯದಲ್ಲಿ ಪ್ರವಾಸಿಗರಿಗಾಗಿ ಬೋಟು ನಡೆಸುವ ಗುತ್ತಿಗೆಯನ್ನು ಒಬ್ಬರು ಹಿಡಿದಿದ್ದರು. ಅದನ್ನು ಓಡಿಸಲು ವಿದ್ಯುತ್ತಿನ ಕೆಲಸ ಗೊತ್ತಿರುವ ಒಬ್ಬರು ಬೇಕೆಂದು ಕೇಳಿ ಹೋದೆ. ಬೋಟು ಕರಾವಳಿಯಿಂದ ಲಾರಿಯಲ್ಲಿ ಬಂದಿತ್ತು. ಹಿನ್ನೀರಿನಲ್ಲಿ ದಿನಗಟ್ಟಲೆ ತಿರುಗಾಡಲೆಂದೇ ಕಟ್ಟಿದ್ದು. ಒಳಗೆ ಎರಡು ಕೋಣೆ, ಸಣ್ಣ ಅಡುಗೆಮನೆ, ಫ್ರಿಜ್ಜು, ಫ್ಯಾನು, ಮೇಲೆ ಕೂರಲು ಬೆಂಚುಗಳು. ಡೀಸೆಲ್ ಇಲ್ಲ. ನೆಲದ ಹಲಗೆಯಡಿಯಲ್ಲಿ ಎಂಟು ದೊಡ್ಡ ಬ್ಯಾಟರಿಗಳು ಒಂದಕ್ಕೊಂದು ಕೈ ಹಿಡಿದಂತೆ ಸಾಲಾಗಿ ಕುಳಿತಿದ್ದವು. ಅವುಗಳ ಉಸ್ತುವಾರಿ ಮೇಸ್ತ್ರಿಯದು. ನನಗೆ ಕೆಲಸ ಕಲಿಸುವ ಹೊಣೆಯೂ ಅವರದೇ.

ಮೊದಲ ದಿನ ಅವ್ವ ಕೊಡಿಸಿದ್ದ ಹೊಸ ಸೀರೆ ಉಟ್ಟು ಹೋಗಿದ್ದೆ. ಮೇಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬ್ಯಾಟರಿಯ ಆಸಿಡ್ಡು ಎಷ್ಟು ಗಟ್ಟಿಯಿದೆ ಎಂದು ಅಳೆಯುವ ಗಾಜಿನ ಕೊಳವೆ, ಹೈಡ್ರೋಮೀಟರ್, ಸದಾ ಅವರ ಅಂಗಿಯ ಜೇಬಿನಲ್ಲಿರುತ್ತಿತ್ತು. ಅದರಿಂದ ಒಂದಿಷ್ಟು ಆಸಿಡ್ಡು ಹೀರಿ ತಂದು ನನ್ನ ಸೆರಗಿನ ಮೇಲೆ ನಾಲ್ಕು ಹನಿ ಬಿಟ್ಟರು. ನಾನು ಬೆಚ್ಚಿ ಹಿಂದೆ ಸರಿದೆ.

"ಒಗದ ಮ್ಯಾಲೆ ತೂತು ಬೀಳ್ತಾವು. ಅವಾಗ ನೆನಪಿರ್ತೈತಿ, ಇಲ್ಲಿ ಸೀರಿ ಉಟ್ಕೊಂಡು ಬರಬಾರ್ದು ಅಂತ."

"ಬಾಯಲ್ಲಿ ಹೇಳಿದ್ರೂ ನೆನಪಿರ್ತಿತ್ತು ಮೇಸ್ತ್ರಿ."

"ಬಾಯಲ್ಲಿ ಹೇಳಿದ್ದು ಯಾರಿಗೂ ನೆನಪಿರಂಗಿಲ್ಲ" ಎಂದು ಅವರು ಹಲಗೆ ಎತ್ತಿದರು. ಪಾಠ ಶುರುವಾಗಿತ್ತು.

ಚುಕ್ಕಾಣಿಯ ಪಕ್ಕದಲ್ಲಿ ಒಂದು ಮೀಟರು. ಎಷ್ಟು ಚಾರ್ಜು ಉಳಿದಿದೆ ಎಂದು ಪರ್ಸೆಂಟಿನಲ್ಲಿ ತೋರಿಸುತ್ತದೆ. ಗುತ್ತಿಗೆದಾರರಿಗೆ ಅದರ ಮೇಲೆ ಬಹಳ ಅಭಿಮಾನ. ಮೇಸ್ತ್ರಿಗೆ ಅದನ್ನು ಕಂಡರಾಗದು. ಬ್ಯಾಟರಿಯೊಳಗೆ ಎಷ್ಟು ಕರೆಂಟು ಹೋಯಿತು, ಹೊರಗೆ ಎಷ್ಟು ಬಂತು ಎಂದು ಲೆಕ್ಕ ಹಾಕುವುದಷ್ಟೇ ಅದರ ಕೆಲಸ. ಬ್ಯಾಟರಿ ಮುದಿಯಾದದ್ದು ಅದಕ್ಕೆ ತಿಳಿಯುವುದಿಲ್ಲ. ಪಕ್ಕದ ಗುಂಡಿ ಒತ್ತಿದರೆ ಖಾಲಿ ಬ್ಯಾಟರಿಯನ್ನೂ ನೂರು ಎಂದು ನಂಬಿಬಿಡುತ್ತದೆ. ನಾನು ಯಾವಾಗ "ಎಂಬತ್ತೈದು ಐತಿ ಮೇಸ್ತ್ರಿ" ಎಂದರೂ ಅವರದು ಒಂದೇ ಉತ್ತರ: "ಅದು ಮೀಟರಿನ ಮಾತು. ಬ್ಯಾಟರಿ ಏನಂತೈತಿ?"

ಬ್ಯಾಟರಿ ಏನನ್ನುತ್ತದೆ ಎಂದು ತಿಳಿಯಲು ದಿನಾ ಬೆಳಿಗ್ಗೆ ಎಂಟೂ ಬ್ಯಾಟರಿಗಳ ಇಪ್ಪತ್ನಾಲ್ಕು ಮುಚ್ಚಳ ಬಿಚ್ಚಬೇಕು. ಒಂದೊಂದರಲ್ಲೂ ಕೊಳವೆ ಇಳಿಸಿ, ಚಾರ್ಜು ಹೆಚ್ಚಿದ್ದಷ್ಟೂ ಮೇಲೆ ತೇಲುವ ಕಡ್ಡಿ ಎಲ್ಲಿ ನಿಂತಿತು ಎಂದು ನೋಡಿ, ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು. ಹೋಗುವಾಗ ಗಾಳಿ ಬೆನ್ನಿಗಿದ್ದರೆ ಬರುವಾಗ ಎದುರಿಗಿರುತ್ತದೆ, ಹೋಗಲು ತಿಂದದ್ದರ ಎರಡರಷ್ಟು ಬರಲು ಬೇಕು ಎಂದು ಎಣಿಸಬೇಕು. ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಈ ಜಾತಿಯ ಬ್ಯಾಟರಿ ಬಾಳುವುದಿಲ್ಲ. "ಅರ್ಧ ಅಂದ್ರೆ ಖಾಲಿ" ಎನ್ನುತ್ತಿದ್ದರು. ನಾನು ಒಂದು ಅಂಕಿ ತಪ್ಪು ಬರೆದರೆ ಇಪ್ಪತ್ನಾಲ್ಕನ್ನೂ ಅಳಿಸಿಬಿಡುತ್ತಿದ್ದರು.

ಅವರ ಕಿವಿಯ ಬಗ್ಗೆಯೂ ಹೇಳಬೇಕು. ಬೋಟಿನ ಹಿಂತುದಿಯಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಮೋಟರಿನ ಗುಂಯ್‌ಗುಡುವಿಕೆ ಒಂದೆಳೆ ಇಳಿದರೂ, "ಒಳಗೆ ಯಾರೋ ಫ್ಯಾನ್ ಹಾಕ್ಯಾರ, ಹೋಗಿ ಆರ್ಸು" ಎನ್ನುವರು. ಹೋಗಿ ನೋಡಿದರೆ ಫ್ಯಾನು ತಿರುಗುತ್ತಿರುತ್ತಿತ್ತು.

ಮೂರನೇ ತಿಂಗಳು, ಏಪ್ರಿಲ್‌ನಲ್ಲಿ, ಒಂದು ಬೆಳಿಗ್ಗೆ ನನಗೆ ಬಸ್ಸು ತಪ್ಪಿ ತಡವಾಯಿತು. ಪ್ರವಾಸಿಗರಿರಲಿಲ್ಲ, ಬರೀ ಅಭ್ಯಾಸದ ಓಡಾಟ. ಮೀಟರು ನೂರು ತೋರಿಸುತ್ತಿತ್ತು. ಮುಚ್ಚಳ ಬಿಚ್ಚದೆ ಒಬ್ಬಳೇ ಹೊರಟುಬಿಟ್ಟೆ. ಮೇಸ್ತ್ರಿ ದಡದಲ್ಲಿ ನಿಂತು ನೋಡುತ್ತಿದ್ದರು.

ಆಚೆ ದಡ ಮುಟ್ಟಿ ತಿರುಗಿ ಬರುವಾಗ ನಡುನೀರಿನಲ್ಲಿ ಮೋಟರು ನರಳಿ ನಿಂತಿತು. ಮೀಟರು ಎಪ್ಪತ್ತು ಎನ್ನುತ್ತಿತ್ತು. ಗಾಬರಿಯಿಂದ ಫೋನು ಮಾಡಿದೆ.

"ಎಷ್ಟು ತೋರಿಸ್ತೈತಿ?" ಎಂದು ಕೇಳಿದರು.

"ಎಪ್ಪತ್ತು ಮೇಸ್ತ್ರಿ."

"ಹಂಗಾದ್ರೆ ಬಾ ಮತ್ತೆ. ಎಪ್ಪತ್ತು ಐತಲ್ಲ."

ಫೋನಿಟ್ಟರು. ಹಿಂದಿನ ಸಂಜೆ ಚಾರ್ಜರ್ ಕಿತ್ತು, ಅರೆಬರೆ ತುಂಬಿದ ಬ್ಯಾಟರಿಗಳಿಗೆ ನೂರರ ಗುಂಡಿ ಒತ್ತಿಟ್ಟವರು ಅವರೇ. ನಾನು ಕೊಳವೆ ಇಳಿಸುತ್ತೇನೋ ಇಲ್ಲವೋ ಎಂದು ಕಾದಿದ್ದರು.

ಮಧ್ಯಾಹ್ನ ಅವ್ವ ನನಗೆ ಬುತ್ತಿ ತಂದಳು. ಮಗಳು ನಡುನೀರಿನಲ್ಲಿ, ತಗಡಿನ ಚಾವಣಿಯ ಕೆಳಗೆ ಬೇಯುತ್ತಿರುವುದನ್ನು ದಡದಿಂದಲೇ ಕಂಡಳು. ಮೀನು ಹಿಡಿಯುವ ಒಬ್ಬರು ಅಲ್ಲೇ ಬಲೆ ಒಣಗಿಸುತ್ತಿದ್ದರು. ತಮ್ಮ ತೆಪ್ಪ ಹಾಕಿಕೊಂಡು ಹೋಗಿ ಕರೆತರುತ್ತೇನೆಂದು ಎದ್ದರು. ಮೇಸ್ತ್ರಿ ಅವರನ್ನು ತಡೆದು ಕೂರಿಸಿದರು. ಅವ್ವ ಕೈಮುಗಿದು, "ಯಪ್ಪಾ, ನನ್ನ ಮಗಳ್ನ ಕರ್ಕೊಂಬರ್ರೀ, ಕುಡಿಯಾಕ ನೀರೂ ಒಯ್ದಿಲ್ಲ ಅಕಿ" ಎಂದು ಅತ್ತಳಂತೆ. ಮೇಸ್ತ್ರಿ ಅವಳ ಕೈಯಿಂದ ಬುತ್ತಿ ಇಸಿದುಕೊಂಡು, "ಅಕಿ ಬರೋದು ತಡ ಐತಿ. ಆರಿ ಹೋದ್ರೆ ರುಚಿ ಇರಂಗಿಲ್ಲ" ಎಂದು ಬಿಚ್ಚಿ, ಅವಳೆದುರಿಗೇ ಕೂತು ಎರಡು ರೊಟ್ಟಿ, ಎಣ್ಣೆಗಾಯಿ ಪಲ್ಯ ತಿಂದು ಮುಗಿಸಿದರು. ಪಲ್ಯಕ್ಕೆ ಉಪ್ಪು ಕಡಿಮೆಯೆಂದೂ ಹೇಳಿದರು.

ನಾಲ್ಕು ತಾಸಿನ ಮೇಲೆ ತೆಪ್ಪ ಕಳಿಸಿದರು. ದಡಕ್ಕೆ ಬಂದಾಗ ನನ್ನ ತುಟಿ ಒಡೆದು ರಕ್ತ ಬರುತ್ತಿತ್ತು. "ನಾಳೆಯಿಂದ ಬಿಡು" ಎಂದಳು ಅವ್ವ. ಬಿಡಲಿಲ್ಲ. ಆ ಕೆಲಸ ಬಿಟ್ಟರೆ ಗಂಡನ ಮನೆಯ ದಾರಿ ಮಾತ್ರ ಉಳಿದಿತ್ತು. ಅಲ್ಲಿ ಹೊಡೆತವಿತ್ತು, ಇಲ್ಲಿ ಕಲಿಯುವುದಾದರೂ ಇತ್ತು. ಆ ದಿನದಿಂದ ಇವತ್ತಿನವರೆಗೆ ಕೊಳವೆ ಇಳಿಸದೆ ನಾನು ಬೋಟಿನ ಹಗ್ಗ ಬಿಚ್ಚಿಲ್ಲ.

ಮರುವರ್ಷ ಒಂದು ರಜೆಯ ಭಾನುವಾರ. ಬಳ್ಳಿಗಾವಿಯ ದೇವಸ್ಥಾನಗಳನ್ನು ನೋಡಿಕೊಂಡು ಬಂದ ಇಪ್ಪತ್ತಾರು ಜನ ಬೋಟಿನಲ್ಲಿ ಕೂತಾಗಿತ್ತು, ಮಕ್ಕಳೇ ಹತ್ತು. ಅಂದಿನ ಎರಡನೇ ಸುತ್ತು ಅದು. ನಾನು ಮತ್ತೆ ಅಳತೆ ನೋಡಿದೆ. ಮೀಟರು ಅರವತ್ತೆರಡು ಹೇಳುತ್ತಿತ್ತು. ಐದನೇ ಬ್ಯಾಟರಿಯಲ್ಲಿ ತೇಲುವ ಕಡ್ಡಿ ತಳ ಬಿಟ್ಟು ಏಳಲೇ ಇಲ್ಲ. ಸಾಲಿನಲ್ಲಿ ಒಂದು ಸತ್ತರೆ ಎಂಟೂ ನಿಂತಂತೆ. ಆ ಐದನೆಯದನ್ನು ಹಿಂದಿನ ತಿಂಗಳು ತಮ್ಮ ಅಂಗಡಿಯ ಹಳೆಯ ಸಾಮಾನಿನಿಂದ ತಂದು ಕೂರಿಸಿದವರು ಮೇಸ್ತ್ರಿ.

"ಹೋಗಾಕಾಗಲ್ಲ. ಎಲ್ರೂ ಇಳೀರಿ" ಎಂದೆ.

ಗುತ್ತಿಗೆದಾರರು ಕೂಗಾಡಿದರು. ಕೊನೆಗೆ ಮೇಸ್ತ್ರಿಯತ್ತ ತಿರುಗಿ, "ನೀವೇ ಹೇಳ್ರೀ, ಹೋಗಬಹುದೋ ಇಲ್ಲೋ?" ಎಂದು ಕೇಳಿದರು.

ಮೇಸ್ತ್ರಿ ಹಲಗೆಯ ಮೇಲೆ ನಾನು ಬರೆದ ಅಂಕಿಗಳನ್ನು ನೋಡಿದರು. ಅವರಿಗೆ ಅರ್ಥವಾಗಲಿಲ್ಲವೆಂದು ನಾನು ಹೇಳಲಾರೆ. "ಅರವತ್ತೆರಡು ಐತಲ್ಲ. ಹೋಗಬಹುದು" ಎಂದರು.

"ಅದು ಮೀಟರಿನ ಮಾತು ಮೇಸ್ತ್ರಿ. ನೀವು ಹಾಕಿದ ಬ್ಯಾಟರಿ ಸತ್ತೈತಿ" ಎಂದೆ. ಬೇಕೆಂದೇ ಜೋರಾಗಿ ಹೇಳಿದೆ. ಯಾರೋ ನಕ್ಕರು. ಜನ ಮಕ್ಕಳನ್ನು ಎತ್ತಿಕೊಂಡು ಇಳಿಯತೊಡಗಿದರು.

"ಈಸೂರಿನೋರಿಗೆ ಎದುರು ಮಾತಾಡೋದು ಹುಟ್ಟತಾ ಬರ್ತೈತೇನು?" ಎಂದು ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ತಳ್ಳಿ ಚುಕ್ಕಾಣಿ ಹಿಡಿದರು. ಖಾಲಿ ಬೋಟನ್ನು ಒಬ್ಬನೇ ಆಚೆ ದಡಕ್ಕೆ ಒಯ್ದು ವಾಪಸು ತಂದು ತೋರಿಸುತ್ತೇನೆ, ಆಮೇಲೆ ನಾಳೆಯಿಂದ ನೀನು ಬರಬೇಡ ಎಂದರು. ಗುತ್ತಿಗೆದಾರರು ಪ್ರವಾಸಿಗರನ್ನು ಸಮಾಧಾನ ಮಾಡುತ್ತ ಅವರ ಬಸ್ಸಿನ ಕಡೆ ಹೋದರು.

ಬೋಟು ಅರ್ಧ ದಾರಿಯನ್ನೂ ದಾಟಲಿಲ್ಲ. ಹನ್ನೆರಡೂವರೆಗೆ ನಿಂತಿತು. ನನ್ನ ಫೋನು ಬಡಿಯಿತು.

"ತೆಪ್ಪ ಕಳಸು" ಎಂದರು ಮೇಸ್ತ್ರಿ.

"ಮೀಟರ್ ಎಷ್ಟು ತೋರಿಸ್ತೈತಿ ಮೇಸ್ತ್ರಿ?"

ಉತ್ತರಕ್ಕೆ ಕಾಯದೆ ನಾನು ಫೋನಿಟ್ಟೆ.

ಅದೇ ಮೀನು ಹಿಡಿಯುವವರು ಹುಟ್ಟು ಹಿಡಿದು ಎದ್ದಿದ್ದರು. "ಕೂತ್ಕೊಳ್ರೀ. ಸ್ವಲ್ಪ ಬಿಸಿಲು ಕಾಯಲಿ" ಎಂದೆ. ಅವರು ನನ್ನನ್ನೇ ನೋಡಿ, "ಅವತ್ತು ಅವ್ರು ಹೇಳಿದ್ರು, ಇವತ್ತು ನೀವು ಹೇಳ್ತೀರಿ" ಎಂದು ಹುಟ್ಟು ಕೆಳಗಿಟ್ಟರು.

ಒಂದೂವರೆಗೆ ಮತ್ತೆ ಕರೆ ಬಂತು. ಎತ್ತಿದರೆ ಮಾತಿಲ್ಲ. ಗಾಳಿಯ ಸದ್ದು, ಜೊತೆಗೆ ಗೊರಗೊರ ಉಸಿರು. ಸಿಟ್ಟಿನಿಂದ ಸುಮ್ಮನಿದ್ದಾರೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು. ಬುತ್ತಿ ಬಿಚ್ಚಿ ಮರದ ನೆರಳಲ್ಲಿ ಕೂತು ಊಟ ಮಾಡಿದೆ.

ಮೂರಕ್ಕೆ ತೆಪ್ಪ ಹೋಯಿತು. ಹೋದವರು ದೂರದಿಂದಲೇ ಕೈ ಬೀಸಿ ಕೂಗತೊಡಗಿದರು. ಮೇಸ್ತ್ರಿ ಚುಕ್ಕಾಣಿಯ ಬುಡದಲ್ಲಿ ಬಿದ್ದಿದ್ದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಬಲಗೈ ಬಿದ್ದುಹೋಗಿತ್ತು. ಎಡಗೈಯಲ್ಲಿ ಫೋನಿತ್ತು.

ಶಿವಮೊಗ್ಗದ ಆಸ್ಪತ್ರೆ ಮುಟ್ಟಿ, ಸ್ಕ್ಯಾನು ಮುಗಿಯುವಷ್ಟರಲ್ಲಿ ಆರೂವರೆ. ವೈದ್ಯರು, "ಯಾವಾಗ ಶುರುವಾಯಿತು?" ಎಂದು ಕೇಳಿದರು. ಒಂದೂವರೆ ಎಂದು ನನಗೊಬ್ಬಳಿಗೇ ಗೊತ್ತಿತ್ತು. "ಗೊತ್ತಿಲ್ಲ" ಎಂದೆ. "ಶುರುವಾದ ನಾಲ್ಕೂವರೆ ತಾಸಿನೊಳಗೆ ತಂದಿದ್ದರೆ ಕೊಡೋಕೆ ಒಂದು ಇಂಜೆಕ್ಷನ್ ಇತ್ತು" ಎಂದು ಅವರು ಒಳಗೆ ಹೋದರು.

ಆಮೇಲೆ ಮೇಸ್ತ್ರಿ ಹದಿನಾಲ್ಕು ತಿಂಗಳು ಬದುಕಿದರು. ಮಾತು ಹೋಗಿತ್ತು. ವಾರಕ್ಕೊಮ್ಮೆ ನೋಡಲು ಹೋಗುತ್ತಿದ್ದೆ. ನಾನು ಕೋಣೆಗೆ ಕಾಲಿಟ್ಟೊಡನೆ ಮುಖವನ್ನು ಗೋಡೆಗೆ ತಿರುಗಿಸುತ್ತಿದ್ದರು, ಹೊರಡುವವರೆಗೂ ಈಚೆ ತಿರುಗುತ್ತಿರಲಿಲ್ಲ. ಅವರ ಹೆಂಡತಿ ಸೊರಬದ ಕಡೆಯವರು. ಮೇಸ್ತ್ರಿ ಇಷ್ಟು ಒರಟರಾಗಲು ಹಿಂದೆ ಏನಾದರೂ ನಡೆದಿರಬೇಕು, ಯಾವುದಾದರೂ ಏಟು ಬಿದ್ದಿರಬೇಕು ಎಂದು ನಾನು ಅವರನ್ನು ಒಮ್ಮೆ ಕೇಳಿದೆ. ಅವರು ಗಂಡನ ಬಾಯಿ ಒರೆಸುತ್ತ, "ಎಂತದೂ ಇಲ್ಲ ಮಾರಾಯ್ತಿ. ಮದುವೆಯಾಗಿ ಬಂದ ದಿನವೂ ಹಿಂಗೇ ಇದ್ರು. ಕೆಲವ್ರು ಇರ್ತಾರೆ" ಎಂದರು. ಬೋಟಿನ ಕೆಲಸ ಈಗ ಪೂರ್ತಿ ನನ್ನದು ಎಂದಾಗ, "ಒಳ್ಳೇದಾಯ್ತು. ಅವ್ರು ಕಲ್ಸಿದ್ದು ಒಬ್ರಿಗಾದ್ರೂ ಬಂತು" ಎಂದರು. ಅದು ಸುಳ್ಳಲ್ಲ. ನನಗೆ ಗೊತ್ತಿರುವುದೆಲ್ಲ ಅವರದೇ. ಆ ಭಾನುವಾರ ಹತ್ತು ಮಕ್ಕಳು ಇಳಿದು ಮನೆಗೆ ಹೋದದ್ದೂ ಅವರು ಕಲಿಸಿದ್ದರಿಂದಲೇ.

ಕಳೆದ ಮಾಘದಲ್ಲಿ ಮೇಸ್ತ್ರಿ ತೀರಿಕೊಂಡರು. ಶವವನ್ನು ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಬೈಸಿಕೊಂಡವರೆಲ್ಲ ಬಂದಿದ್ದರು, ಅಂಗಳ ಸಾಲದೆ ರಸ್ತೆಯಲ್ಲೂ ನಿಂತಿದ್ದರು. ನಾನು ಹೂವು ಹಾಕಿ ತಿರುಗುವಾಗ ಅವರ ಹೆಂಡತಿ ನನ್ನ ಎರಡೂ ಕೈ ಹಿಡಿದು ಜನರ ಮುಂದೆ ನಿಲ್ಲಿಸಿದರು.

"ಇವಳೇ ನೋಡಿ. ಅವತ್ತು ಇವಳು ತೆಪ್ಪ ಕಳಿಸ್ದೇ ಇದ್ದಿದ್ರೆ ಅಲ್ಲೇ ನೀರಲ್ಲೇ ಹೋಗಿಬಿಡ್ತಿದ್ರು. ಹದಿನಾಲ್ಕು ತಿಂಗಳು ಉಳಿಸಿಕೊಟ್ಳು" ಎಂದರು. ಮುದುಕಿಯರು ನನ್ನ ಕೆನ್ನೆ ಸವರಿದರು. ಗುಂಪಿನ ಹಿಂದೆ, ಬಾಗಿಲ ಪಕ್ಕದಲ್ಲಿ, ಮೀನು ಹಿಡಿಯುವವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ನಮ್ಮಿಬ್ಬರ ಕಣ್ಣು ಕೂಡಿದವು. ಅವರು ಏನಾದರೂ ಹೇಳಲಿ ಎಂದು ನಾನು ಒಂದು ಗಳಿಗೆ ಕಾದೆ. ಅವರು ಚಪ್ಪಲಿ ಹುಡುಕಿಕೊಂಡು ಹೊರಟುಹೋದರು.

ನಾನು ಬಗ್ಗಿ ಆ ತಾಯಿಯ ಕಾಲು ಮುಟ್ಟಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು ಹರಸಿದರು.